ಹಳದಿ ಜ್ವರವೂ ನಮ್ಮ ಅಚ್ಚವ್ವನೂ

ವಿರಹ ಎಂದರೆ ಹುಣ್ಣಿಮೆ, ತಂಗಾಳಿ, ಕೋಗಿಲೆ ಎಂದು ಹಿಂದಿನವರು ಬರೆದಿಟ್ಟು ಹೋಗಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಪಾಪ, ಅವರಲ್ಲಿ ಯಾರೂ ಮದುವೆಯ ಸರ್ಟಿಫಿಕೇಟನ್ನು ಎದೆಗೆ ಅವಚಿಕೊಂಡು, ಜಮಖಂಡಿಯ ಝೆರಾಕ್ಸ್ ಅಂಗಡಿಯ ಮುಂದೆ ಕರೆಂಟ್ ಬರುವುದನ್ನು ಕಾಯುತ್ತ ನಿಂತವರಲ್ಲ. ನಾನು ನಿಂತಿದ್ದೇನೆ. ಕರೆಂಟ್ ಬಂದಾಗ ಅಂಗಡಿಯವನು ಊಟಕ್ಕೆ ಹೋಗಿದ್ದುದನ್ನೂ ಕಂಡಿದ್ದೇನೆ. ನನ್ನ ಹೆಂಡತಿ ಕೀನ್ಯಾ ದೇಶದಲ್ಲಿ, ನಾನು ಇಲ್ಲಿ, ನಡುವೆ ಒಂದು ಸಮುದ್ರ. ಆ ಸಮುದ್ರವನ್ನು ವಿಮಾನ ಆರೇಳು ತಾಸಿನಲ್ಲಿ ದಾಟುತ್ತದೆ. ನಡುವಿನ ಕಾಗದಗಳನ್ನು ದಾಟಲು ನಮಗೆ ಐದು ತಿಂಗಳು ಹಿಡಿಯಿತು.

ಜಮಖಂಡಿಯವನಿಗೆ ಕೀನ್ಯಾದ ಹೆಂಡತಿ ಎಲ್ಲಿಂದ ಬಂದಳು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ ಎಲ್ಲರೂ ಕೇಳಿ ಆಗಿದೆ, ನನಗೆ ಉತ್ತರ ಬಾಯಿಪಾಠವಾಗಿದೆ. ನಾನು ಸಕ್ಕರೆ ಕಾರ್ಖಾನೆಯ ಲ್ಯಾಬ್‌ನಲ್ಲಿ ಕೆಮಿಸ್ಟ್. ನಮ್ಮ ಕಡೆ ನೀರು ಹರಿದಲ್ಲೆಲ್ಲ ಕಬ್ಬು. ಮುಧೋಳದಿಂದ ಜಮಖಂಡಿಗೆ ಬರುವಷ್ಟರಲ್ಲಿ ಎಷ್ಟು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದಿರಿ ಎಂಬುದರ ಮೇಲೆಯೇ ಅದು ಯಾವ ತಿಂಗಳೆಂದು ಹೇಳಬಹುದು. ಹೀಗಾಗಿ ಇಲ್ಲಿ ಈ ಕೆಲಸ ಕಲಿತವರಿಗೆ ಆಫ್ರಿಕಾದ ಕಾರ್ಖಾನೆಗಳಿಂದಲೂ ಕರೆ ಬರುತ್ತದೆ. ಬಂಧುಬಳಗದವರೆಲ್ಲ ನನಗೆ ಹೆಣ್ಣು ತೋರಿಸಿ ದಣಿದು, ‘ಇನ್ನ ನೀನ ನೋಡ್ಕೋಪಾ’ ಎಂದು ಕೈಬಿಟ್ಟ ವರ್ಷವೇ ನಾನು ಮೂರು ವರ್ಷದ ಕರಾರಿನ ಮೇಲೆ ಕೀನ್ಯಾಕ್ಕೆ ಹೋದೆ. ದೊಡ್ಡದೊಂದು ಸರೋವರದ ಹತ್ತಿರದ ಊರು. ಅಲ್ಲಿಯ ಲ್ಯಾಬ್‌ನಲ್ಲಿ ಅಚ್ಚೆಂಗ್ ಕೆಲಸಕ್ಕಿದ್ದಳು. ಅವರ ಭಾಷೆಯಲ್ಲಿ ಹಾಗೆಂದರೆ ಬಿಸಿಲೇರಿದ ಹೊತ್ತಿನಲ್ಲಿ ಹುಟ್ಟಿದವಳು ಎಂದಂತೆ. ಮೊದಲ ದಿನವೇ ನಾನು ಕಬ್ಬಿನ ರಸ ಪರೀಕ್ಷಿಸಿ, ದೊಡ್ಡ ಅನುಭವಸ್ಥನ ಗತ್ತಿನಲ್ಲಿ ಅದರ ಸಿಹಿಯ ಅಂಕಿ ‘ಹದಿನೆಂಟು’ ಎಂದೆ. ಅವಳು ಏನೂ ಅನ್ನದೆ ಉಪಕರಣದ ಗಾಜನ್ನು ಒರೆಸಿ ಕೊಟ್ಟಳು. ಮತ್ತೆ ನೋಡಿದೆ. ಹದಿನಾರು. ಆ ಎರಡು ಅಂಕಿಯ ನಡುವೆ ಎಲ್ಲೋ ನಾನು ಜಾರಿ ಬಿದ್ದೆ. ಎರಡು ವರ್ಷದ ಮೇಲೆ ಅಲ್ಲಿಯ ರಿಜಿಸ್ಟ್ರಾರರ ಮುಂದೆ ಇಬ್ಬರೂ ಸಹಿ ಹಾಕಿದೆವು.

ಸುದ್ದಿಯನ್ನು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಆಗ ಅವಳು ಬನಹಟ್ಟಿಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. “ಕಬ್ಬ ಅರ್ಯಾಕ ಹೋದಾಂವ ಲಗ್ನಾ ಮಾಡ್ಕೊಂಡ್ಯಾ?” ಎಂದಳು. ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೂ ಎರಡು ಮಾತು ಎದುರಾಡಲು ಬರುತ್ತಿತ್ತು. ಅಂದಿನಿಂದ ಅವ್ವನ ಬಾಯಲ್ಲಿ ನನ್ನ ಹೆಂಡತಿಗೆ ಹೆಸರೇ ಇರಲಿಲ್ಲ. ‘ಆಕಿ’ ಅಷ್ಟೇ. ವಿಡಿಯೋ ಕಾಲ್‌ನಲ್ಲಿ ಅಚ್ಚೆಂಗ್ ಕೈಮುಗಿದರೆ, ಅವ್ವ ಫೋನನ್ನು ಮೆಲ್ಲಗೆ ಮೇಲ್ಛಾವಣಿಯ ಕಡೆಗೆ ತಿರುಗಿಸಿ, “ನೆಟ್ ಇಲ್ಲ ತಮ್ಮಾ, ಏನೂ ಕಾಣವಲ್ದು” ಎನ್ನುತ್ತಿದ್ದಳು. ಅತ್ತೆಯ ಮುಖ ಕಾಣದೆ ಅಚ್ಚೆಂಗ್ ನಮ್ಮ ಅಕ್ಕನ ಮನೆಯ ಫ್ಯಾನಿಗೇ ಎಷ್ಟೋ ಸಲ ನಮಸ್ಕಾರ ಮಾಡಿದ್ದಾಳೆ.

ಕರಾರು ಮುಗಿಯಿತು. ಹಿಪ್ಪರಗಿ ಬ್ಯಾರೇಜಿನ ಈಚೆ ಬದಿಯ ಒಂದು ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು, ಸೀಜನ್ ಶುರುವಾಗುವ ಮೊದಲು ಬಂದು ಸೇರಬೇಕೆಂದರು. ನಾನು ಮುಂದೆ ಹೋಗಿ ಜಮಖಂಡಿಯಲ್ಲಿ ಮನೆ ಹಿಡಿಯುವುದು, ಎರಡು ತಿಂಗಳೊಳಗೆ ವೀಸಾ ಮಾಡಿಸಿಕೊಂಡು ಅವಳು ಬರುವುದು, ಹೀಗೆಂದು ನಾವಿಬ್ಬರೂ ಸರೋವರದ ದಂಡೆಯಲ್ಲಿ ಕೂತು ನಿಶ್ಚಯಿಸಿದೆವು. ಅಲ್ಲಿ ನೀರಿನ ಮೇಲೆಲ್ಲ ನೇರಳೆ ಹೂವಿನ ಅಂತರಗಂಗೆ ಹಬ್ಬಿತ್ತು. “ನಿಮ್ಮ ನದಿಯಲ್ಲೂ ಇದು ಇದೆಯೇ?” ಎಂದು ಕೇಳಿದಳು. ಇದೆ ಎಂದೆ. “ಹಾಗಾದರೆ ನನಗೆ ಒಂದು ಗುರುತಾದರೂ ಸಿಕ್ಕಿತು” ಎಂದಳು. ವಿಮಾನ ನಿಲ್ದಾಣದಲ್ಲಿ ನಾನು ಗಂಡಸಿನಂತೆ ನಗುತ್ತಲೇ ಹೊರಟೆ. ವಿಮಾನದಲ್ಲಿ ಪಕ್ಕದವರು ನನಗೆ ನೆಗಡಿಯಾಗಿದೆ ಎಂದು ತಮ್ಮ ಕರ್ಚೀಫು ಕೊಟ್ಟರು.

ಜಮಖಂಡಿಯಲ್ಲಿ ಮನೆ ಹಿಡಿದೆ. ಅವ್ವ ಬನಹಟ್ಟಿಯಿಂದ ಬಂದು ಜೊತೆಗಿದ್ದಳು. “ಆಕಿ ಬಂದ ಮ್ಯಾಲ ನಾ ಹೋಗ್ತೀನಿ” ಎಂಬ ಕರಾರಿನ ಮೇಲೆ. ನಾನು ಕಾಗದಗಳ ಬೆನ್ನು ಹತ್ತಿದೆ. ನನ್ನ ಪಾಸ್‌ಪೋರ್ಟಿನ ಪ್ರತಿ, ಮನೆಯ ವಿಳಾಸದ ಪುರಾವೆ, ಆಮಂತ್ರಣ ಪತ್ರ, ಮದುವೆಯ ದಾಖಲೆಗೆ ಅಲ್ಲಿಯ ಸರ್ಕಾರದ ಮುದ್ರೆ. ಜೊತೆಗೆ, ಈಕೆ ನನ್ನ ಹೆಂಡತಿ, ಇವಳನ್ನು ನಾನೇ ನೋಡಿಕೊಳ್ಳುತ್ತೇನೆ ಎಂಬ ಅಫಿಡವಿಟ್. ಅದನ್ನು ಬರೆಸಲು ಕೋರ್ಟಿನ ಮುಂದೆ ಕೂಡುವ ಬಾಂಡ್ ರೈಟರ್ ರುದ್ರಪ್ಪನವರ ಬಳಿ ಹೋದೆ. ಹೊಲ ಮಾರಾಟ, ಮನೆ ಪಾಲಿನ ವಾಟ್ನಿ, ಬಾಡಿಗೆ ಕರಾರು ಇವುಗಳಲ್ಲಿ ಅವರ ಕೈ ಕಣ್ಣುಮುಚ್ಚಿ ಓಡುತ್ತದೆ. ನನ್ನ ವಿಷಯ ಕೇಳಿ ಕನ್ನಡಕ ತೆಗೆದರು.

“ಇದಕ್ಕ ಫಾರ್ಮ್ಯಾಟ್ ಇಲ್ರಿ.”

“ಇಲ್ಲದಿದ್ದರ ಏನಾತ್ರಿ, ನಾ ಹೇಳಿದಂಗ ಬರೀರಿ.”

“ಹಂಗ ಬರ್ಯಾಕ ಬರಂಗಿಲ್ರಿ. ಎಲ್ಲಾ ಸಿಸ್ತಿಲೆ ಹೋಗಬೇಕು.” ಪೆನ್ನು ಎತ್ತಿ, ಬಹಳ ಗಂಭೀರವಾಗಿ ಕೇಳಿದರು: “ಆಕಿ ಸದ್ಯ ಯಾರ ಕಬ್ಜಾದಾಗ ಅದಾರ್ರೀ?”

ನಗಬೇಕೆಂದೇ ಬಾಯಿ ತೆರೆದೆ. ನಗು ಬರಲಿಲ್ಲ. ನಿಜಕ್ಕೂ ಆ ಹೊತ್ತಿಗೆ ಅವಳು ಯಾರ ಬಳಿ ಇದ್ದಳು? ತಾಯಿಯ ಮನೆ ಬಿಟ್ಟು ನನ್ನ ಜೊತೆ ಬಂದವಳು, ನಾನು ಬಿಟ್ಟು ಬಂದ ಬಾಡಿಗೆಯ ಕೋಣೆಯಲ್ಲಿ ಒಬ್ಬಳೇ ಇದ್ದಳು. ರುದ್ರಪ್ಪನವರು ನನ್ನ ಮುಖ ನೋಡಿ, ಚಹಾ ತರಿಸಿದರು. ಕೊನೆಗೆ ತಯಾರಾದ ಕಾಗದದಲ್ಲಿ ‘ಸದರಿ ಪತ್ನಿಯು ಯಾವುದೇ ತಂಟೆ ತಕರಾರುಗಳಿಲ್ಲದೆ ನನ್ನ ಖಾಸ ಹಕ್ಕಿನವಳಿದ್ದು’ ಎಂಬ ಸಾಲು ಬಂದೇ ಬಂದಿತ್ತು. ಅದನ್ನು ತೆಗೆಸಲು ಇನ್ನೊಂದು ಬಾಂಡ್ ಪೇಪರು ಬೇಕಾಯಿತು. ರಾತ್ರಿ ಫೋನಿನಲ್ಲಿ ಅಚ್ಚೆಂಗ್‌ಗೆ ಇಂಗ್ಲಿಷಿನಲ್ಲಿ ವಿವರಿಸಿದರೆ ಅವಳು ನಕ್ಕು ನಕ್ಕು, “ನನ್ನ ನಾಲ್ಕೂ ದಿಕ್ಕಿಗೆ ಯಾರ ಹೊಲ ಇದೆ ಎಂದು ಬರೆಸಿದೆ?” ಎಂದಳು.

ಅಲ್ಲಿ ಅವಳಿಗೂ ಪರೀಕ್ಷೆಗಳಿದ್ದವು. ವೀಸಾ ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯ, ಸಮಾಧಾನದಿಂದಲೇ ವಿಚಾರಿಸಿದರಂತೆ. ನಮ್ಮ ಕಡೆಯ ಅಡ್ಡಹೆಸರುಗಳು ನಿಮಗೆ ಗೊತ್ತಲ್ಲ, ಊರ ಹೆಸರೇ ಮನೆತನದ ಹೆಸರು. ನಾನು ಮೋಹನ ಲೋಕಾಪುರ. ಹಾಗಾಗಿ ಅವರು, “ನಿಮ್ಮ ಗಂಡ ಲೋಕಾಪುರದಲ್ಲಿ ಇರುವುದೇ?” ಎಂದು ಕೇಳಿದರು. “ಇಲ್ಲ ಸರ್, ಲೋಕಾಪುರ ನನ್ನ ಗಂಡನ ಹೆಸರಿನಲ್ಲಿ ಇದೆ. ಅವನು ಇರುವುದು ಜಮಖಂಡಿಯಲ್ಲಿ” ಎಂದು ಇವಳು ಹೇಳಿ, ಕೇಳದಿದ್ದರೂ ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಂದು ನಾನು ಕಲಿಸಿದ್ದನ್ನೆಲ್ಲ ಸಾಲಿ ಹುಡುಗಿಯಂತೆ ಒಪ್ಪಿಸಿದ್ದಳು. ‘ಳ’ ಎಲ್ಲಿಯೂ ತಪ್ಪಲಿಲ್ಲ ಎಂದು ಅವಳಿಗೆ ಹೆಮ್ಮೆ. ನನಗೆ ಮಾತ್ರ ಅದನ್ನು ಕೇಳಿ ಊಟ ಸೇರಲಿಲ್ಲ. ಕಾಣದ ಊರುಗಳ ಹೆಸರನ್ನು ಅವಳು ಅಲ್ಲಿ ಬಾಯಿಪಾಠ ಮಾಡುತ್ತಿದ್ದಳು. ನಾನು ಅದೇ ಊರುಗಳಲ್ಲಿ ದಿನಾ ಓಡಾಡುತ್ತಿದ್ದರೂ ಮನಸ್ಸಿಗೆ ಒಂದು ಊರೂ ಹತ್ತುತ್ತಿರಲಿಲ್ಲ. ಅವಳ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಹಿಂದೆ. ನಾನು ಮುಂಜಾನೆ ಕೆಲಸಕ್ಕೆ ಹೊರಟಾಗ ಅವಳು ಇನ್ನೂ ಮಲಗಿರುತ್ತಾಳೆ, ನಾನು ಡಬ್ಬಿ ಬಿಚ್ಚಿದಾಗ ಅವಳ ಚಹಾ. ಹೀಗೆ ಲೆಕ್ಕ ಹಾಕುತ್ತ ಲ್ಯಾಬ್‌ನಲ್ಲಿ ಎರಡು ಸಲ ರಸದ ಅಂಕಿಯ ಬದಲು ಕೀನ್ಯಾದ ವೇಳೆಯನ್ನೇ ರಿಜಿಸ್ಟರಿನಲ್ಲಿ ಬರೆದೆ.

ಉಳಿದದ್ದು ಒಂದೇ ಒಂದು, ಹಳದಿ ಜ್ವರದ ಇಂಜೆಕ್ಷನ್. ಆ ದೇಶದಿಂದ ಬರುವವರು ಅದನ್ನು ಹಾಕಿಸಿಕೊಂಡ ಸರ್ಟಿಫಿಕೇಟು ತರಲೇಬೇಕು. ನಾನು ಇದನ್ನು ಅವ್ವನಿಗೆ ಹೇಳಿದ್ದೇ ತಪ್ಪಾಯಿತು.

“ಹಳದಿ ಜ್ವರಾ ಅಂದ್ರ ಕಾಮಣೀನ?” ಎಂದಳು. ಕಾಮಾಲೆಗೆ ನಮ್ಮ ಕಡೆ ಹಾಗೆನ್ನುತ್ತಾರೆ.

“ಕಾಮಣಿ ಅಲ್ಲವಾ, ಅದು ಬ್ಯಾರೆ. ಸೊಳ್ಳಿ ಕಡದು ಬರ್ತದ.”

“ಕಣ್ಣು ಹಳದಿ ಆಗ್ತಾವೋ ಇಲ್ಲೋ?”

“ಆಗ್ತಾವಂತ.”

“ಮತ್ತ ಕಾಮಣೀನ ಅದು. ಗಲಗಲಿ ಕಡೆ ಒಬ್ರು ಬೇರು ಕೊಡ್ತಾರ. ಮೂರು ದಿನಾ ಉಪ್ಪು ಬಿಟ್ರ ಆತು.”

ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅವ್ವ ಬಸ್ ಹತ್ತಿ ಗಲಗಲಿಗೆ ಹೋಗಿ, ಹಳೆಯ ಪೇಪರಿನಲ್ಲಿ ಕಟ್ಟಿದ ಪೊಟ್ಟಣ ತಂದು ಮೇಜಿನ ಮೇಲಿಟ್ಟಿದ್ದಳು. “ಆಕೀಗೆ ಪೋಸ್ಟ್ ಮಾಡು” ಎಂದಳು, ಗೋಡೆಯ ಕಡೆ ನೋಡುತ್ತ. ಬೇರು ಪೋಸ್ಟ್ ಮಾಡಿದರೆ ಅದಕ್ಕೆ ಬೇರೆಯ ಕಾಗದಪತ್ರ ಬೇಕಾಗುತ್ತದೆ ಎಂದು ನಾನು ಹೇಳಲಿಲ್ಲ. ಮೊಣಕಾಲು ನೋವಿನ ಅವ್ವ ಬಿಸಿಲಲ್ಲಿ ಅಷ್ಟು ದೂರ ಹೋಗಿಬಂದಿದ್ದಳು. ಪೊಟ್ಟಣವನ್ನು ಜೋಪಾನವಾಗಿ ನನ್ನ ಫೈಲಿನಲ್ಲೇ ಇಟ್ಟುಕೊಂಡೆ.

ಇಂಜೆಕ್ಷನ್ ಹಾಕಿಸಲು ಹೋದ ದಿನ ಅಚ್ಚೆಂಗ್ ನಡುಮಧ್ಯಾಹ್ನ ಫೋನ್ ಮಾಡಿದಳು. ಕಾರ್ಖಾನೆ ಭರದಿಂದ ನಡೆದಿತ್ತು. ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿದೆ.

“ಇಂಜೆಕ್ಷನ್ ಕೊಡಲಿಲ್ಲ” ಎಂದಳು.

“ಯಾಕೆ? ಔಷಧ ಮುಗಿದಿತ್ತೇ?”

“ಔಷಧ ಇದೆ. ನರ್ಸ್ ಮೊದಲು ಒಂದು ಪರೀಕ್ಷೆ ಮಾಡಿದಳು.” ಆಮೇಲೆ, “ಮೋಹನ್, ನಾನೀಗ ಒಬ್ಬಳೇ ಇಲ್ಲ” ಎಂದಳು.

“ಒಳ್ಳೆಯದಾಯಿತು. ಯಾರಿದ್ದಾರೆ ಜೊತೆಗೆ? ನಿನ್ನ ತಂಗಿ ಬಂದಳೇ?”

ಆ ಕಡೆ ದೊಡ್ಡದೊಂದು ನಿಟ್ಟುಸಿರು. ನಾನು ಬಿ.ಎಸ್ಸಿ. ಫಸ್ಟ್ ಕ್ಲಾಸ್ ಎಂದು ಅವಳಿಗೆ ಯಾವ ಧೈರ್ಯದಿಂದ ಹೇಳಿದ್ದೆನೋ. ಅವಳು ಬಿಡಿಸಿ ಹೇಳಿದ ಮೇಲೆ ನಾನು ಕಬ್ಬಿನ ರಸದ ಬಾಟಲಿಗಳ ನಡುವೆ ನೆಲದ ಮೇಲೆಯೇ ಕುಳಿತೆ. ಸಂತೋಷವನ್ನು ಯಾರನ್ನಾದರೂ ತಬ್ಬಿ ಹೇಳಬೇಕು, ತಬ್ಬಬೇಕಾದವಳು ಸಮುದ್ರದ ಆಚೆ. ಎದುರಿಗಿದ್ದದ್ದು ಒಂದು ಸ್ಟೂಲು.

ಆ ಲಸಿಕೆಯನ್ನು ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲವಂತೆ. ಕೂಸಿಗೆ ಅಪಾಯವಾದೀತೆಂದು ಅಲ್ಲಿಯ ಡಾಕ್ಟರು ಒಪ್ಪಲಿಲ್ಲ. ಹಾಗೆಂದು ಚೀಟಿ ಬರೆದುಕೊಟ್ಟರು. ಆದರೆ ಚೀಟಿ ಎಂದರೆ ಸರ್ಟಿಫಿಕೇಟಲ್ಲ. ಸರ್ಟಿಫಿಕೇಟಿಲ್ಲದೆ ಬಂದವರನ್ನು ನಮ್ಮ ಕಡೆ ವಿಮಾನ ಇಳಿದ ಕೂಡಲೇ ಆರು ದಿನ ಬೇರೆಯಾಗಿ ಇರಿಸುತ್ತಾರೆ. ಇಲ್ಲವಾದರೆ ಹೆರಿಗೆಯವರೆಗೂ ಅಲ್ಲಿಯೇ ಉಳಿದು, ಆಮೇಲೆ ಲಸಿಕೆ ಹಾಕಿಸಿ, ಕೂಸಿನ ಪಾಸ್‌ಪೋರ್ಟ್ ಮಾಡಿಸಿ ಬರಬೇಕು. ಎಂದರೆ ಇನ್ನೊಂದು ವರ್ಷ. “ನೀನು ಅಲ್ಲಿಯೇ ಇರು, ಅದೇ ಸುರಕ್ಷಿತ” ಎಂದು ನಾನು ತಿಳಿದವನಂತೆ ಹೇಳಿದೆ. ಅವಳು ಕೇಳಿಸಿಕೊಂಡು, “ಆರು ದಿನ ನಾನು ಎಣಿಸಬಲ್ಲೆ. ಒಂದು ವರ್ಷ ಎಣಿಸಲಾರೆ” ಎಂದಳು. ಎದುರು ಹೇಳುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಅವ್ವನಿಗೆ ಬಸಿರಿನ ಸುದ್ದಿಯನ್ನೂ ಆರು ದಿನದ ಸುದ್ದಿಯನ್ನೂ ಒಟ್ಟಿಗೇ ಹೇಳಿದೆ. ಮೊದಲನೆಯದಕ್ಕೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ಎರಡನೆಯದಕ್ಕೆ ತಿರುಗಿ ಬಂದು ಸಿಟ್ಟಿನಿಂದ ನಿಂತಳು. “ನಮ್ಮಲ್ಲಿ ಬಾಣಂತೀನ ಕೋಣ್ಯಾಗ ಇಡ್ತೀವಿ. ಇವರು ಬಸರೀನ ಇಡ್ತಾರೇನು? ಆಕೀಗೆ ರೊಟ್ಟಿ ಯಾರು ಕೊಡ್ತಾರ ಅಲ್ಲೆ?” ಅವಳಿಗೆ ರೊಟ್ಟಿ ತಿಂದು ರೂಢಿಯಿಲ್ಲ ಎಂದೆ. “ಹೊಟ್ಯಾಗಿಂದಕ್ಕ ಬೇಕಲ್ಲೋ!” ಎಂದಳು.

ವೀಸಾ ಬಂತು. ಅಷ್ಟರಲ್ಲಿ ಅವಳಿಗೆ ಆರನೆಯ ತಿಂಗಳು. ವಿಮಾನ ಪ್ರಯಾಣಕ್ಕೆ ತೊಂದರೆಯಿಲ್ಲ ಎಂಬ ಇನ್ನೊಂದು ಚೀಟಿಯೂ ಆಯಿತು. ನಾನು ಮುಂಬೈಗೆ ಹೊರಡುವ ದಿನ ಅವ್ವ ಒಳ್ಳೆಯ ಸೀರೆಯುಟ್ಟು, ಒಂದು ಗಂಟಿನಲ್ಲಿ ಕಟಕ ರೊಟ್ಟಿ, ನಂಚಿಕೊಳ್ಳಲು ಡಬ್ಬಿಯಲ್ಲಿ ಶೇಂಗಾ ಹಿಂಡಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. “ನೀ ಎಲ್ಲಿಗಿ?” ಎಂದೆ. “ನಿನಗ ಮರಾಠಿ ಎಲ್ಲಿ ಬರ್ತದ?” ಎಂದು ನನಗಿಂತ ಮೊದಲೇ ಬಸ್ ಹತ್ತಿದಳು. ಅವ್ವನ ತವರು ಸಾಂಗಲಿ. ಈ ಮಾತು ಸುಳ್ಳಾಗಿರಲಿಲ್ಲ.

ವಿಮಾನ ಇಳಿದ ಅಚ್ಚೆಂಗ್‌ಳನ್ನು ಆರೋಗ್ಯದ ಅಧಿಕಾರಿಗಳು ಒಳಗಿನಿಂದಲೇ ಆಸ್ಪತ್ರೆಗೆ ಕರೆದೊಯ್ದರು. ನಿಲ್ದಾಣದ ಹೊರಗೆ ನಾನು ಹೂವಿನ ಗುಚ್ಛ ಹಿಡಿದು ನಿಂತು, ಕಂಡವರೆಲ್ಲರ ಹೆಂಡಂದಿರನ್ನು ಸ್ವಾಗತಿಸಿ ಮರಳಿದೆ. ಮರುದಿನ ಆಸ್ಪತ್ರೆಯ ಗೇಟಿಗೆ ಹೋದರೆ ಒಳಗೆ ಬಿಡುವಂತಿಲ್ಲ ಎಂದರು. ನಿಯಮ ಸರಿಯಾಗಿಯೇ ಇತ್ತು. ನಾನು ಫೈಲು ಬಿಚ್ಚಿ ಒಂದೊಂದೇ ಕಾಗದ ತೋರಿಸತೊಡಗಿದೆ. ಗೇಟಿನ ಹೆಂಗಸು ಎಲ್ಲವನ್ನೂ ಮರ್ಯಾದೆಯಿಂದ ನೋಡಿ, ಕಾಮಣಿಯ ಬೇರಿನ ಪೊಟ್ಟಣ ಬಂದಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಳು. ಆಗ ಅವ್ವ ನನ್ನನ್ನು ಪಕ್ಕಕ್ಕೆ ನೂಕಿ ಮರಾಠಿಯಲ್ಲಿ ಶುರುಮಾಡಿದಳು. ಯಾವ ಊರು, ಎಷ್ಟು ಮಕ್ಕಳು, ಕಾಲು ನೋಯುವುದಿಲ್ಲವೇ ನಿಂತು ನಿಂತು? ಹತ್ತು ನಿಮಿಷದಲ್ಲಿ ಅವಳು ಸಾಂಗಲಿಯ ಹತ್ತಿರದವಳೆಂದು ತಿಳಿಯಿತು. ಒಳಗೆ ಬಿಡುವುದು ಸಾಧ್ಯವಿಲ್ಲ, ಆದರೆ ನರ್ಸ್ ಬಾಯಿಯನ್ನು ಕೇಳಿ ಊಟದ ಡಬ್ಬಿ ಕಳಿಸಬಹುದು, ಆ ಎರಡನೆಯ ಮಹಡಿಯ ಮೂಲೆಯ ಕಿಟಕಿಯೇ ನಿಮ್ಮ ಸೊಸೆಯದು ಎಂದಳು. ನನ್ನ ಫೈಲಿನ ಅಷ್ಟೂ ಕಾಗದ ಮಾಡಲಾಗದ್ದನ್ನು ಸಾಂಗಲಿ ಮಾಡಿತು.

ನಾನು ಫೋನ್ ಮಾಡಿದೆ. “ಕಿಟಕಿಗೆ ಬಾ.”

ಕಿಟಕಿಗೆ ಸೊಳ್ಳೆಯ ಜಾಳಿಗೆ ಹೊಡೆದಿದ್ದರು. ಅದರ ಹಿಂದೆ ಮೊದಲು ಒಂದು ನೆರಳು ಬಂತು. ಆಮೇಲೆ ಒಂದು ಕೈ ಜಾಳಿಗೆಗೆ ತಾಗಿ ನಿಂತಿತು. ಐದು ತಿಂಗಳಿಂದ ನಾನು ಈ ಗಳಿಗೆಗೆಂದು ಎಷ್ಟೊಂದು ಮಾತು ಕೂಡಿಟ್ಟಿದ್ದೆ. ಹಿಪ್ಪರಗಿಯ ಹಿನ್ನೀರಿನ ದಂಡೆಯಲ್ಲಿ ಬೈಕು ನಿಲ್ಲಿಸಿ, ಸಂಜೆಗೊಂದು ಸಾಲಿನಂತೆ ಕೂಡಿಟ್ಟಿದ್ದೆ. ಅವಳ ನೆರಳು ಕಂಡದ್ದೇ ನನ್ನ ಬಾಯಿಂದ ಹೊರಟದ್ದು, “ಫ್ಯಾನ್ ಇದೆಯೇ ಒಳಗೆ?” ಅವಳು ಇದೆ ಎಂದಳು. ಆಮೇಲೆ ಅವಳು ಪಕ್ಕಕ್ಕೆ ತಿರುಗಿ ನಿಂತು ಹೊಟ್ಟೆಯನ್ನು ತೋರಿಸಿದಳು. ನಾನು ಕಾಣುತ್ತಿದೆ ಎಂದು ತಲೆಯಾಡಿಸಿದೆ. ನಿಜವಾಗಿ ನನಗೆ ಏನೂ ಕಾಣುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು.

ನನ್ನ ಹಿಂದೆ ಅವ್ವ ಸೆರಗು ಹಣೆಯ ಮೇಲೆ ಹಿಡಿದು ಬಿಸಿಲಿಗೆ ಅಡ್ಡ ಮಾಡಿ ಮೇಲೆ ನೋಡುತ್ತಿದ್ದಳು. ಫೋನ್ ಕೊಡಲು ಹೋದರೆ ಬೇಡವೆಂದು ಸರಿಸಿದಳು. ಆಮೇಲೆ, ಹೊಲದ ಈ ತುದಿಯಿಂದ ಆ ತುದಿಗೆ ಕೂಗುವಂತೆ, ಮುಂಬೈಯ ಆ ರಸ್ತೆಯ ಅಷ್ಟೂ ಗದ್ದಲದ ಮೇಲೆ ಕೂಗಿದಳು:

“ಅಚ್ಚವ್ವಾ! ಉಂಡೇನ?”

ಜಾಳಿಗೆಯ ಹಿಂದಿನಿಂದ, ಫೋನಿನಲ್ಲಿ ನಾನು ಕಲಿಸಿದ ಕನ್ನಡ, ಒಂದಿಷ್ಟೂ ತಪ್ಪದೆ ಬಂತು: “ಉಂಡೇನ್ರಿ ಅತ್ತಿ!”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಏನ್ ಧೂಳೋ ಈ ಊರಾಗ” ಎಂದಳು.

ಆರು ದಿನವೂ ನಾವು ಹಾಗೆಯೇ ಗೇಟಿನ ಮುಂದೆ ನಿಂತೆವು. ಮುಂಬೈಯಲ್ಲೇ ಇದ್ದ ಅವ್ವನ ತವರಿನ ಬಳಗದವರ ಮನೆಯಿಂದ ಮುಂಜಾನೆ ಬರುವುದು, ಸಂಜೆ ಹೋಗುವುದು. ಮೂರನೆಯ ದಿನದಿಂದ ನನ್ನ ಫೋನು ಅವ್ವನ ಕೈಯಲ್ಲೇ ಇತ್ತು. ಒಬ್ಬಳಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬಳಿಗೆ ಕನ್ನಡ ಎಂಟ್ಹತ್ತು ಮಾತು. ಆದರೂ ತಾಸುಗಟ್ಟಲೆ ಏನು ಮಾತಾಡಿದರೋ ದೇವರಿಗೇ ಗೊತ್ತು. ಜ್ವರ ಬರಲಿಲ್ಲ. ಏಳನೆಯ ದಿನ ಮುಂಜಾನೆ ಅವಳು ಗೇಟು ದಾಟಿ ಹೊರಗೆ ಬಂದಳು. ನಾನು ಹೂವಿನ ಗುಚ್ಛ ಹಿಡಿದು ಮುಂದೆ ಹೋಗುವಷ್ಟರಲ್ಲಿ ಅವ್ವ ಅವಳನ್ನು ಹಿಡಿದುಕೊಂಡು, ಮುಖ ನೀವಿ ನಟಿಕೆ ಮುರಿದು, ಇಬ್ಬರೂ ಆಟೋದಲ್ಲಿ ಕುಳಿತಾಗಿತ್ತು. ನನ್ನ ಪಾಲಿಗೆ ಡ್ರೈವರನ ಪಕ್ಕದ ಅರ್ಧ ಸೀಟು, ಮಡಿಲಲ್ಲಿ ಸೂಟ್‌ಕೇಸು.

ಜಮಖಂಡಿಗೆ ಬಂದೆವು. ಪೊಲೀಸ್ ಕಚೇರಿಯಲ್ಲಿ ಅವಳ ಹೆಸರು ದಾಖಲಿಸಿದ್ದೂ ಆಯಿತು, ಶ್ರಾವಣದಲ್ಲಿ ಮಗಳು ಹುಟ್ಟಿದ್ದೂ ಆಯಿತು. ಬನಹಟ್ಟಿಗೆ ಮರಳುವ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಅಚ್ಚವ್ವ ಕೆಲವು ಸಂಜೆ ಹಿನ್ನೀರಿನ ಕಡೆಗೆ ಹೋಗೋಣ ಎನ್ನುತ್ತಾಳೆ. ಅಲ್ಲಿ ಕೂಸನ್ನು ಎತ್ತಿಕೊಂಡು ನೀರನ್ನು ನೋಡುತ್ತ ಬಹಳ ಹೊತ್ತು ನಿಲ್ಲುತ್ತಾಳೆ. ತನ್ನ ತಾಯಿಯನ್ನು ನೆನೆಯುತ್ತಿದ್ದಾಳೆಂದು ನನಗೆ ಗೊತ್ತಾಗುತ್ತದೆ. ಕಾಯುವುದು ನಮ್ಮ ಮನೆಯಿಂದ ಹೋಗಿಲ್ಲ. ನನ್ನಿಂದ ಎದ್ದು ಅವಳ ಪಕ್ಕ ಕುಳಿತಿದೆ, ಅಷ್ಟೇ.

ಮೊನ್ನೆ ಭಾನುವಾರ ನಾನು ಪೇಪರು ಓದುತ್ತ ಕುಳಿತಿದ್ದೆ. ಅತ್ತೆ ಸೊಸೆ ಇಬ್ಬರೂ ಪಡಸಾಲೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದರು. ಅಚ್ಚವ್ವ ಎರಡು ಸಲ ಏನೋ ಕೇಳಿದಳು. ನಾನು ಎರಡು ಸಲವೂ ‘ಹ್ಞೂಂ’ ಎಂದೆ. ಅವಳು ಸೊಪ್ಪನ್ನು ಕೆಳಗಿಟ್ಟು, ನಮ್ಮ ಅವ್ವನದೇ ಧಾಟಿಯಲ್ಲಿ, “ನೀ ಫೋನ್‌ದಾಗ ಛಲೋ ಇದ್ದಿ” ಎಂದಳು.

ಅವ್ವ ನಕ್ಕ ರಭಸಕ್ಕೆ ತೊಟ್ಟಿಲಲ್ಲಿದ್ದ ಕೂಸು ಎದ್ದಿತು. ನಾನು ಪೇಪರು ಮಡಚಿ ಹೆಂಡತಿಯ ಪಕ್ಕ ಹೋಗಿ ಕುಳಿತೆ. ಏನಾದರೂ ಒಳ್ಳೆಯ ಮಾತು ಆಡಬೇಕೆಂದು ಬಹಳ ಯೋಚಿಸಿದೆ. “ಮತ್ತೇನ?” ಎಂದೆ. “ಏನಿಲ್ಲ, ನೀ ಹೇಳು” ಎಂದಳು. ಮುಂದೆ ಒಂದು ಮಾತೂ ಹೊರಡಲಿಲ್ಲ.

“ಲೇ ಮೋಹನ್ಯಾ,” ಎಂದಳು ಅವ್ವ, ಕೂಸನ್ನು ಎತ್ತಿಕೊಳ್ಳುತ್ತ, “ಮಾಳಿಗಿ ಮ್ಯಾಲ ಹೋಗಿ ಅಲ್ಲಿಂದ ಆಕೀಗೆ ಫೋನ್ ಹಚ್ಚು. ಆಗ ಬರ್ತಾವ ನಿನಗ ಮಾತು.”

ನನಗೆ ಬಹಳ ಅವಮಾನವಾಯಿತು. ಸ್ವಲ್ಪ ಹೊತ್ತು ಬಿಟ್ಟು, ಒಣಹಾಕಿದ ಬಟ್ಟೆ ತರುವ ನೆಪ ಮಾಡಿ, ಫೋನನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದೆ. ಮುಕ್ಕಾಲು ತಾಸು ಮಾತಾಡಿದೆವು.